ಆಷಾಢದಲ್ಲಿ ಕೀಸಿದ ಬಾಗಿಲು

ನಮ್ಮ ಮನೆಯ ನಡುಮನೆಗೂ ಒಳಕೋಣೆಗೂ ನಡುವೆ ಹಲಸಿನ ಹಲಗೆಯ ಬಾಗಿಲೊಂದಿದೆ. ಒಂಟಿ ಬಾಗಿಲು, ಅಗಲ ಮೂರಡಿಗೆ ತುಸು ಕಡಿಮೆ. ಅಜ್ಜ ಹಿತ್ತಿಲಿನ ಮರವನ್ನೇ ಕೊಯ್ಯಿಸಿ ಮಾಡಿಸಿದ್ದಂತೆ. ಅದರ ಅಂಚಿಗೆ ಈಗ ಮೇಲಿನಿಂದ ಕೆಳಗಿನವರೆಗೆ ತೆಳುವಾದ ಹೊಸ ರೀಪೊಂದು ಕೂತಿದೆ. ಹಲಸಿನ ಮರ ಕೊಯ್ದಾಗ ಅರಿಸಿನದ ಬಣ್ಣದಲ್ಲಿದ್ದು, ವರ್ಷ ಕಳೆದಂತೆ ಕಂದಾಗುತ್ತದೆ. ಹಾಗಾಗಿ ಅಜ್ಜನ ಹಲಗೆಯ ಪಕ್ಕದಲ್ಲಿ ನನ್ನ ಕಾಲದ ರೀಪು ಹಳದಿ ಗೆರೆಯಂತೆ ಎದ್ದು ಕಾಣುತ್ತದೆ. ಮನೆಗೆ ಬಂದವರು ಅದೇನೆಂದು ಕೇಳುವುದಿಲ್ಲ. ಆದರೆ ಆ ಗೆರೆಯನ್ನು ನಾನು ದಿನವೂ ಹಾಯ್ದು ಹೋಗುತ್ತೇನೆ, ದಿನವೂ ಅದು ನನ್ನನ್ನು ಒಂದು ಕ್ಷಣ ತಡೆಯುತ್ತದೆ.

ನಿವೃತ್ತನಾಗಿ ತೀರ್ಥಹಳ್ಳಿ ಕಡೆಯ ನಮ್ಮ ಊರಿಗೆ ಮರಳಿದ ಮೊದಲ ವಾರವೇ ಮನೆಯಲ್ಲಿ ಆಗಬೇಕಾದ ರಿಪೇರಿಗಳ ಪಟ್ಟಿಯೊಂದನ್ನು ಬರೆದಿದ್ದೆ. ಅಟ್ಟದ ಏಣಿಯ ಸಡಿಲ ಮೆಟ್ಟಿಲು, ಬಾವಿಕಟ್ಟೆಯ ಬಿರುಕು, ಕೊಟ್ಟಿಗೆಯ ಒಡೆದ ಹಂಚು, ಗೋಡೆಯಲ್ಲಿ ಅಲ್ಲಲ್ಲಿ ಉಳಿದ ಬೇಡದ ಮೊಳೆಗಳು, ಬಚ್ಚಲ ಗೋಡೆಯ ಕಪ್ಪು ಕಲೆಗೆ ಸುಣ್ಣ. ಹೀಗೆ ಹದಿನೇಳು ಕೆಲಸ. ಎಲ್ಲವನ್ನೂ ನನ್ನ ಕೈಯಾರೆ ಮಾಡಬೇಕೆಂಬುದು ಸಂಕಲ್ಪ. ಬೆಂಗಳೂರಿನ ಮೂರು ದಶಕಗಳಲ್ಲಿ ನಲ್ಲಿ ಸೋರಿದರೂ ಫ್ಯಾನು ನಿಂತರೂ ಫೋನ್ ಮಾಡಿ ಯಾರನ್ನೋ ಕರೆಸಿದ್ದೆ. ಬಂದವರು ಏನು ಮಾಡಿ ಹೋದರೆಂದು ಕೂಡ ನೋಡಿರಲಿಲ್ಲ. ಸ್ವಂತ ಮನೆಯಲ್ಲಿ ಅತಿಥಿಯಂತೆ ಬದುಕಿದ್ದೆನಲ್ಲ ಎಂಬ ಕೊರಗು ನಿಜವಾದದ್ದೇ ಆಗಿತ್ತು. ಆ ಕೊರಗನ್ನು ನಾನು ಇವತ್ತೂ ಹಗುರವಾಗಿ ಕಾಣುವುದಿಲ್ಲ. ಮನೆಯ ಮರ, ಮಣ್ಣು, ಕಬ್ಬಿಣವನ್ನು ಕೈಯಿಂದ ಮುಟ್ಟದವನಿಗೆ ಮನೆ ಗೊತ್ತಾಗುವುದು ಕಷ್ಟ.

ಪುನರ್ವಸು ಮಳೆ ಹಿಡಿದ ಹೊತ್ತು. ಆಗುಂಬೆ ನಮಗೆ ದೂರವಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆ ಘಾಟಿಯ ನೆತ್ತಿಯಿಂದ ಮೋಡ ಇಳಿದು ಬಂದರೆ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಭರಣಿ ನೀರೂರುತ್ತದೆ, ಪುಸ್ತಕದ ರಟ್ಟಿಗೆ ಬೂಷ್ಟು ಬರುತ್ತದೆ. ಆ ಬಾಗಿಲೂ ಬಿಗಿಯಾಯಿತು. ಹಾಕಬೇಕೆಂದರೆ ಭುಜ ಕೊಟ್ಟು ನೂಕಬೇಕು, ತೆಗೆಯಬೇಕೆಂದರೆ ಕಾಲು ಒತ್ತಿ ಎಳೆಯಬೇಕು. ಎಳೆದಾಗಲೆಲ್ಲ ಮರ ಮರವನ್ನು ಉಜ್ಜುವ ಸದ್ದು. ನಾಲ್ಕು ದಿನ ಸಹಿಸಿ, ಐದನೆಯ ದಿನ ಅಟ್ಟದಿಂದ ಅಪ್ಪನ ಕೀಸುಳಿ ಇಳಿಸಿದೆ. ತುಕ್ಕು ಹಿಡಿದ ಅಲಗನ್ನು ಸಾಣೆಕಲ್ಲಿಗೆ ಉಜ್ಜಿ ಹದ ಮಾಡಿದೆ. ಬಾಗಿಲಿನಡಿಗೆ ಬೆಣೆ ಕೊಟ್ಟು ಅಲುಗದಂತೆ ನಿಲ್ಲಿಸಿ ಕೀಸತೊಡಗಿದೆ. ನೀರು ಕುಡಿದ ಮರ ಬಹಳ ಸುಲಭವಾಗಿ ಒಲಿಯಿತು. ಸುರುಳಿ ಸುರುಳಿಯಾಗಿ ಮೆತ್ತನೆಯ ಹೆರೆ ಬಿತ್ತು, ಹಳೆಯ ಕಂದು ಮೈಯ ಅಡಿಯಿಂದ ಹೊಸ ಹಳದಿ ಹೊರಟಿತು. ಅಷ್ಟು ವರ್ಷಗಳ ಮೇಲೂ ಒಳಗೆ ಆ ಬಣ್ಣ ಉಳಿದಿತ್ತು. ಅಮ್ಮ ಮಣೆಯ ಮೇಲೆ ಕೂತು ನೋಡುತ್ತಿದ್ದಳು.

"ಮಳೆ ಬಿಟ್ಟಮೇಲೆ ನೋಡಬಹುದಿತ್ತಲ್ಲ ಮಾರಾಯ" ಎಂದಳು.

"ಆಯ್ತಮ್ಮ, ಇನ್ನೈದೇ ನಿಮಿಷ" ಎಂದೆ.

ಸಂಜೆಗೆ ಬಾಗಿಲು ಒಂದು ಬೆರಳಿನಿಂದ ನೂಕಿದರೂ ಸದ್ದಿಲ್ಲದೆ ಹಾಕಿಕೊಳ್ಳುತ್ತಿತ್ತು. ಆ ರಾತ್ರಿ ನನಗಾದ ತೃಪ್ತಿ, ಕಚೇರಿಯಲ್ಲಿ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಮಾಘದ ಹೊತ್ತಿಗೆ ಅದೇ ಬಾಗಿಲಿನ ಅಂಚಿಗೂ ಚೌಕಟ್ಟಿಗೂ ನಡುವೆ ಕಿರುಬೆರಳು ತೂರುವಷ್ಟು ಸಂದಿ ಬಿಟ್ಟಿತ್ತು. ಚಿಲಕದ ನಾಲಿಗೆ ತನ್ನ ತೂತನ್ನು ಮುಟ್ಟುತ್ತಿರಲಿಲ್ಲ. ಬೆಳಗಿನ ಜಾವದ ಚಳಿಗಾಳಿ ನೇರವಾಗಿ ಅಮ್ಮನ ಹಾಸಿಗೆಯತ್ತ ಬೀಸುತ್ತಿತ್ತು. ಸಂದಿಗೆ ಹಳೆಯ ಸೀರೆಯ ತುಂಡು ತುರುಕಿ ಹದಿನೈದು ದಿನ ಕಳೆದೆ. ಕೊನೆಗೆ ಬಡಗಿ ಆಚಾರರನ್ನು ಕರೆದೆ. ಅವರು ಸಂದಿಯಲ್ಲಿ ಬೆರಳಿಟ್ಟು ಮೇಲಿನಿಂದ ಕೆಳಗೆ ಎಳೆದು ನೋಡಿದರು.

"ಯಾವ ತಿಂಗಳಲ್ಲಿ ಕೀಸಿದ್ರಿ?"

"ಆಷಾಢದಲ್ಲಿ."

ಅವರು ಇನ್ನೇನೂ ಅನ್ನಲಿಲ್ಲ. ಚೀಲದಿಂದ ಅಳತೆಪಟ್ಟಿ ತೆಗೆದರು. ತಿಂಗಳು ಕೇಳಿದ್ದರಲ್ಲೇ ನನ್ನ ತಪ್ಪಿನ ಪೂರ್ತಿ ವಿವರ ಅವರಿಗೆ ಸಿಕ್ಕಿಹೋಗಿತ್ತು.

ಕೆಲಸದ ನಡುವೆ ಚಹಾ ಕುಡಿಯುವಾಗ ಅವರು ಹೇಳಿದ್ದು ಹೊಸ ಸಂಗತಿಯೇನಲ್ಲ. ಕಡಿದು ಎಷ್ಟು ವರ್ಷವಾದರೂ ಮರ ಗಾಳಿಯ ತೇವವನ್ನು ಹೀರುತ್ತದೆ, ಒಣಹವೆಗೆ ಬಿಟ್ಟುಕೊಡುತ್ತದೆ. ಉದ್ದಕ್ಕೆ ಅದು ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದು ಅಡ್ಡಕ್ಕೆ. ನಮ್ಮ ಬಾಗಿಲಿನಷ್ಟು ಅಗಲದ ಹಲಗೆ ಮಲೆನಾಡಿನ ಮಳೆಗೂ ಬೇಸಗೆಗೂ ನಡುವೆ ಅರ್ಧ ಸೆಂಟಿಮೀಟರಿಗೂ ಮೀರಿ ಚಲಿಸಬಲ್ಲದು. ಇದನ್ನು ಬಲ್ಲವರೇ ಚೌಕಟ್ಟಿನ ಬಾಗಿಲು ಮಾಡುವಾಗ ನಡುವಿನ ಹಲಗೆಯನ್ನು ಅಂಟಿಸದೆ, ಕೊರೆದ ಸಾಲಿನೊಳಗೆ ಸಡಿಲವಾಗಿ ಕೂರಿಸುತ್ತಾರೆ, ಉಸಿರಾಡಲು ಜಾಗ ಬಿಟ್ಟ ಹಾಗೆ. ನಾನು ಚಿಕ್ಕವನಿದ್ದಾಗ ಬೇಸಗೆಯಲ್ಲಿ ಗಾಡಿಯ ಚಕ್ರಗಳನ್ನು ಹಳ್ಳದ ನೀರಿನಲ್ಲಿ ನಿಲ್ಲಿಸುತ್ತಿದ್ದುದನ್ನು ಕಂಡಿದ್ದೆ. ಒಣಗಿ ಕುಗ್ಗಿದ ಮರ ನೀರು ಕುಡಿದು ಉಬ್ಬಿ, ಸಡಿಲವಾದ ಕಬ್ಬಿಣದ ಹಳಿಯನ್ನು ಮತ್ತೆ ಬಿಗಿಯಾಗಿ ಹಿಡಿಯುತ್ತಿತ್ತು. ಕಂಡಿದ್ದೆ, ಆದರೆ ನನ್ನ ಕೈಯಲ್ಲಿ ಕೀಸುಳಿ ಇದ್ದಾಗ ಆ ಚಕ್ರ ನೆನಪಿಗೆ ಬರಲಿಲ್ಲ. ತಿಳಿದಿರುವುದು ಬೇರೆ, ಹೊತ್ತಿಗೆ ಒದಗುವುದು ಬೇರೆ.

"ಮಳೆಗಾಲದಲ್ಲಿ ಬಾಗಿಲು ಹಿಡಿದ್ರೆ, ಹಿಡಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಡಿ. ಮೇಣದಬತ್ತಿ ಉಜ್ಜಿ. ದೀಪಾವಳಿ ಕಳೀಲಿ. ಆಮೇಲೂ ಅಲ್ಲೇ ಹಿಡಿದ್ರೆ ನಾನೇ ಬಂದು ಕೀಸಿಕೊಡ್ತೇನೆ" ಎಂದರು. ಹೋಗುವ ಮುಂಚೆ ಬಾಗಿಲಿನ ನೆತ್ತಿಗೂ ಅಡಿಗೂ ಎರಡು ಸಲ ಬಣ್ಣ ಹೊಡೆದರು. ಯಾರ ಕಣ್ಣಿಗೂ ಬೀಳದ ಆ ಎರಡು ತುದಿಗಳಲ್ಲೇ ಮರ ಹೆಚ್ಚು ನೀರು ಕುಡಿಯುವುದಂತೆ.

ನನ್ನನ್ನು ಹೆಚ್ಚು ಕಾಡಿದ್ದು ಅಮ್ಮ ಅಂದು ರಾತ್ರಿ ಹೇಳಿದ ಮಾತು. ಅಪ್ಪ ಪ್ರತಿವರ್ಷ ಮಳೆ ಹಿಡಿದ ಮೇಲೆ ಆ ಬಾಗಿಲನ್ನು ತೆರೆದು, ಹಗ್ಗ ಕಟ್ಟಿ ಗೋಡೆಯ ಮೊಳೆಗೆ ಸಿಕ್ಕಿಸಿಡುತ್ತಿದ್ದನಂತೆ. ನವರಾತ್ರಿಯವರೆಗೆ ಅದನ್ನು ಹಾಕುವ ಪ್ರಶ್ನೆಯೇ ಇರಲಿಲ್ಲ. ಕೇಳಿದೊಡನೆ ನನಗೂ ನೆನಪಾಯಿತು. ರಜೆಯಲ್ಲಿ ಬಂದಾಗ ಆ ಹಗ್ಗ ನೋಡಿ, ಒಂದು ಬಾಗಿಲು ಸರಿಮಾಡಿಸಲು ಅಪ್ಪನಿಗೆ ಇಷ್ಟು ಉದಾಸೀನವೇ ಎಂದುಕೊಂಡಿದ್ದೆ. ಒಮ್ಮೆ ಹೆಂಡತಿಯ ಮುಂದೆ ಆಡಿಯೂ ಇದ್ದೆ. ಅಪ್ಪ ತೀರಿಹೋಗಿ ಹನ್ನೊಂದು ವರ್ಷ. ಆ ಮೊಳೆಯನ್ನು ನಾನು ಜೂನಿನಲ್ಲೇ ಕಿತ್ತೆಸೆದಿದ್ದೆ. ಪಟ್ಟಿಯ 'ಬೇಡದ ಮೊಳೆಗಳ'ಲ್ಲಿ ಅದೂ ಒಂದಾಗಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನನಗೊಂದು ನೆಮ್ಮದಿಯ ಪಾಠ ಸಿಗುತ್ತಿತ್ತು: ಹಿರಿಯರಿಗೆ ತಾಳ್ಮೆ ತಿಳಿದಿತ್ತು, ನಮಗೆ ಆತುರ, ಅವರು ಕಾದರು, ನಾವು ಕತ್ತರಿಸಿದೆವು. ಕೆಲವು ದಿನ ಹಾಗೆಯೇ ಅಂದುಕೊಂಡೂ ಇದ್ದೆ. ಆದರೆ ಒಂದು ಬೆಳಿಗ್ಗೆ ಅಡುಗೆಮನೆಯ ಜಂತಿಗಳನ್ನು ತಲೆಯೆತ್ತಿ ನೋಡಿದಾಗ ಆ ಪಾಠ ಅಲುಗಾಡಿತು. ದಶಕಗಳ ಕಟ್ಟಿಗೆ ಹೊಗೆ ಅಲ್ಲಿ ಕೀಲೆಣ್ಣೆಯಂತೆ ಹೆಪ್ಪುಗಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವ ಒಲೆಯನ್ನು ರೂಪಿಸಿತ್ತು. 1980ರ ದಶಕದಲ್ಲಿ 'ಅಸ್ತ್ರ ಒಲೆ' ಎಂಬ ಹೆಸರಿನಲ್ಲಿ ಅದು ಕರ್ನಾಟಕದ ಹಳ್ಳಿಗಳಿಗೆ ಬಂತು. ನಮ್ಮ ಕೇರಿಯ ಎರಡು ಮನೆಗಳಲ್ಲಿ ಹಾಕಿಸಿದ್ದರು. ಅಮ್ಮನೂ ಕೇಳಿದ್ದಳು. "ಮುಂದಿನ ವರ್ಷ ನೋಡೋಣ" ಎಂದಿದ್ದ ಅಪ್ಪ. ಆ ಮುಂದಿನ ವರ್ಷ ಬರಲಿಲ್ಲ. ಗ್ಯಾಸ್ ಬರುವವರೆಗೂ ಅಮ್ಮ ಊದುಗೊಳವೆ ಹಿಡಿದು, ಕೆಂಪಗಾದ ಕಣ್ಣನ್ನು ಸೆರಗಿನಿಂದ ಒರೆಸಿಕೊಳ್ಳುತ್ತಲೇ ಬೇಯಿಸಿ ಹಾಕಿದಳು.

ಬಾಗಿಲಿನ ಮುಂದೆ ಕಾದವನೂ ಒಲೆಯ ಮುಂದೆ ಕಾದವನೂ ಒಬ್ಬನೇ ಅಪ್ಪ. ಹೊರಗಿನಿಂದ ನೋಡಿದರೆ ಎರಡೂ ತಾಳ್ಮೆಯೇ. ಒಂದನ್ನು ವಿವೇಕವೆಂದು ನಮಿಸಿ, ಇನ್ನೊಂದನ್ನು ಏನೆಂದು ಕರೆಯಲಿ? ಬಹಳ ದಿನ ಇದನ್ನೇ ತಿರುವಿಹಾಕಿದೆ. ಬಾಗಿಲು ತೆರೆದಿಟ್ಟಾಗ ಗಾಳಿ ಮಳೆಗಳ ತೊಂದರೆ ಅಪ್ಪನಿಗೂ ಇತ್ತು. ಒಲೆಯ ಹೊಗೆ ಅವನ ಕಣ್ಣಿಗೆ ಹೋಗುತ್ತಿರಲಿಲ್ಲ. ಉಬ್ಬಿದ ಮರ ಋತು ಕಳೆದರೆ ತಾನೇ ಇಳಿಯುತ್ತದೆ. ಹೊಗೆಗೆ ಹಾಗೆ ಇಳಿಯುವ ಋತುವಿಲ್ಲ. ಕಾಯಬಹುದೇ ಎಂದು ತೀರ್ಮಾನಿಸುವ ಮುಂಚೆ, ಕಾಯುವ ನೋವು ಯಾರ ಪಾಲಿಗೆ ಬೀಳುತ್ತದೆಂದು ನೋಡಬೇಕಿತ್ತು. ಅಪ್ಪ ಕೆಟ್ಟವನಲ್ಲ. ಮರದ ಸ್ವಭಾವವನ್ನು ಅಷ್ಟು ಸೂಕ್ಷ್ಮವಾಗಿ ಬಲ್ಲವನು, ಮೂರು ಮಾರು ದೂರದಲ್ಲಿ ಕೆಮ್ಮುತ್ತಿದ್ದವಳನ್ನು ಗಮನಿಸದೆ ಹೋದದ್ದು ಹೇಗೆ ಎಂಬುದೇ ನನ್ನನ್ನು ಕಲಕಿತು.

ಅಪ್ಪನ ಬಗ್ಗೆ ಎದ್ದ ಪ್ರಶ್ನೆ ನನ್ನ ಕಡೆ ತಿರುಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಬಾಗಿಲಿನ ಸದ್ದು ಯಾರಿಗೆ ತೊಂದರೆಯಾಗಿತ್ತು? ನನಗೆ. ಅಮ್ಮನಿಗೆ ಅದು ತೆರೆದಿದ್ದೇ ಅಭ್ಯಾಸ. ತೆರೆದಿದ್ದರೆ ಒಳಗಿಂದ ಕರೆದದ್ದು ಹೊರಗೆ ಕೇಳುತ್ತಿತ್ತು. ನಾನು ಅದನ್ನು ಸಲೀಸಾಗಿ ಹಾಕುವಂತೆ ಮಾಡಿದೆ, ಹಾಕಿಟ್ಟೆ. ಸೇವೆ ಎಂದುಕೊಂಡು ಮಾಡಿದ್ದು ಒಂದು ಅಗಲಿಕೆಯೂ ಆಗಿತ್ತು. ಆ ಹದಿನೇಳು ಕೆಲಸಗಳ ಪಟ್ಟಿಯನ್ನು ಮತ್ತೆ ತೆಗೆದು ಓದಿದೆ. ಪ್ರತಿಯೊಂದೂ ನನ್ನ ಕಣ್ಣಿಗೆ ಚುಚ್ಚಿದ್ದು. ಈ ಮನೆಯಲ್ಲಿ ಅರವತ್ತು ವರ್ಷ ಬಾಳಿದವಳನ್ನು, ನಿನಗೇನಾಗಬೇಕು ಎಂದು ನಾನು ಒಂದು ಮಾತು ಕೇಳಿರಲಿಲ್ಲ. ಅವಳು ಹೇಳಿರಲೂ ಇಲ್ಲ. 'ಮುಂದಿನ ವರ್ಷ' ಎಂಬ ಉತ್ತರ ಕೇಳಿ ಕೇಳಿ, ಕೇಳುವುದನ್ನೇ ಬಿಟ್ಟವಳು ಅವಳು.

ಕೇಳಿದೆ. "ನಂಗೇನು ಬೇಕು, ಎಲ್ಲ ಸರಿಯಾಗೇ ಉಂಟು" ಎಂದಳು. ಎರಡು ದಿನ ಬಿಟ್ಟು ಮತ್ತೆ ಕೇಳಿದೆ. ಆಗಲೂ ಅದೇ. ಆಮೇಲೆ ಕೇಳುವುದನ್ನು ನಿಲ್ಲಿಸಿ ಅವಳ ಓಡಾಟವನ್ನು ನೋಡತೊಡಗಿದೆ. ಬೆಳಿಗ್ಗೆ ಎದ್ದು ಎಲ್ಲೆಲ್ಲಿ ಹೋಗುತ್ತಾಳೆ, ಎಲ್ಲಿ ನಿಧಾನಿಸುತ್ತಾಳೆ, ಎಲ್ಲಿ ಉಸಿರು ಬಿಗಿಹಿಡಿಯುತ್ತಾಳೆ. ಬಚ್ಚಲಿಗೆ ಇಳಿಯುವಲ್ಲಿ ಒಂದು ಕಲ್ಲಿನ ಮೆಟ್ಟಿಲಿದೆ, ಸ್ವಲ್ಪ ಎತ್ತರದ್ದು, ಯಾವಾಗಲೂ ಒದ್ದೆ. ಅಲ್ಲಿ ಅವಳು ನಿಲ್ಲುತ್ತಿದ್ದಳು. ಬಲಗೈಯನ್ನು ಗೋಡೆಗೆ ಒತ್ತಿ, ಒಂದು ಕಾಲಿಳಿಸಿ, ಭಾರವನ್ನೆಲ್ಲ ಅಂಗೈಯ ಮೇಲೆ ಬಿಟ್ಟು, ಇನ್ನೊಂದು ಕಾಲನ್ನು ತರುತ್ತಿದ್ದಳು. ಹತ್ತುವಾಗಲೂ ಅದೇ ಜಾಗ, ಅದೇ ಅಂಗೈ.

ಹಿಡಿಯಲು ಒಂದು ಸ್ಟೀಲ್ ಸರಳು ಹಾಕಿಸುವುದೆಂದು ನಿಶ್ಚಯಿಸಿ, ತೀರ್ಥಹಳ್ಳಿಯ ಪೇಟೆಯಿಂದ ಎರಡಡಿಯ ಸರಳು ತಂದೆ. ಆಚಾರರು ಡ್ರಿಲ್ ಹಿಡಿದು ಬಂದರು. ಗೋಡೆ ಮಣ್ಣಿನದಲ್ಲವೆಂದೂ, ಜಂಬಿಟ್ಟಿಗೆ ಕಲ್ಲಿನದಾದ್ದರಿಂದ ಉದ್ದದ ಬೋಲ್ಟು ಹಾಕಿ ಸಿಮೆಂಟು ತುಂಬಬೇಕೆಂದೂ ಹೇಳಿದರು. ಎಷ್ಟು ಎತ್ತರಕ್ಕೆ ಕೂರಿಸುವುದೆಂದು ಅಮ್ಮನನ್ನು ಕೇಳೋಣವೆಂದು ನಾನು ಒಳಗೆ ಹೊರಟೆ.

"ಅಮ್ಮನ್ನ ಎಬ್ಬಿಸೋದು ಬೇಡ. ಇಲ್ಲೇ ಉಂಟಲ್ಲ" ಎಂದರು ಅವರು.

ಗೋಡೆಯ ಮೇಲೆ, ಮೆಟ್ಟಿಲಿಗೆ ಸರಿಯಾಗಿ, ಅಂಗೈಯಗಲದ ಆ ಕಪ್ಪು ಕಲೆ ಇತ್ತು. ವರ್ಷಗಟ್ಟಲೆ ಒತ್ತಿದ ಕೈಯ ಎಣ್ಣೆ, ಬೆವರು, ಸೀಗೆಪುಡಿಯ ನೀರು ಸುಣ್ಣಕ್ಕೆ ಇಳಿದು ಮಿರುಗುತ್ತಿತ್ತು. ನನ್ನ ಪಟ್ಟಿಯಲ್ಲಿ ಹದಿನಾಲ್ಕನೆಯ ಕೆಲಸವಾಗಿ ಉಳಿದಿದ್ದುದು ಅದೇ. ಆಚಾರರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಕಲೆಯ ನಟ್ಟನಡುವೆ ಒಂದು ಗುರುತು ಹಾಕಿದರು.