ಅಂದವೂ ಅನುಕೂಲವೂ

ಬಳಕೆಯ ವಸ್ತುವನ್ನು ರಚಿಸುವವನು ಅಂದವನ್ನು ನೋಡಬೇಕೋ, ಅನುಕೂಲವನ್ನು ನೋಡಬೇಕೋ? ರಸಿಕತೆಯದೆಂದು ತೋರುವ ಈ ಪ್ರಶ್ನೆ ಮೂಲತಃ ನೀತಿಯದು.

1998ರಲ್ಲಿ ಅಮೆರಿಕದ ಆಪಲ್ ಸಂಸ್ಥೆಯು ಐಮ್ಯಾಕ್ ಎಂಬ ಗಣಕಯಂತ್ರವನ್ನು ಹೊರತಂದಿತು. ಅದರೊಡನೆ ಬಂದ ಮೌಸ್ ಬಿಲ್ಲೆಯಂತೆ ದುಂಡಗಿದ್ದು ನೋಟಕ್ಕೆ ಮನೋಹರವಾಗಿತ್ತು. ಆದರೆ ಅದರ ಮುಂಬದಿ ಯಾವುದೆಂಬುದು ಅಂಗೈಗೆ ತಿಳಿಯದು. ಅದು ತುಸು ತಿರುಗಿದ್ದರೂ ಸಾಕು, ಕೈ ಒಂದೆಡೆ ಸರಿದರೆ ತೆರೆಯ ಮೇಲಿನ ಬಾಣ ಮತ್ತೊಂದೆಡೆ ಸರಿಯುತ್ತಿತ್ತು. 2000ದಲ್ಲಿ ಸಂಸ್ಥೆಯೇ ಆ ರೂಪವನ್ನು ಕೈಬಿಟ್ಟು ನೀಳವಾದ ಮೌಸನ್ನು ತಂದಿತು.

ಇಂಥಲ್ಲಿ ಕಾಲಹರಣಕ್ಕಿಂತ ದೊಡ್ಡದಾದ ಹಾನಿಯೊಂದುಂಟು. ಕರಿಹಲಗೆಯ ಅಲಂಕಾರದ ಬರಹವನ್ನು ಓದಲಾರದ ಕಡೆಯ ಸಾಲಿನ ಹುಡುಗನು ತಾನೇ ದಡ್ಡನೆಂದು ಕುಗ್ಗುವಂತೆ, ಉಪಕರಣ ತಪ್ಪಿದಾಗ ಬಳಸುವವನು ಎಷ್ಟೋ ವೇಳೆ ತನ್ನನ್ನೇ ಹಳಿದುಕೊಳ್ಳುತ್ತಾನೆ. ರಚಿಸಿದವನ ದೋಷವು ಬಳಸುವವನ ಅವಮಾನವಾಗಿ ಪರಿಣಮಿಸುತ್ತದೆ. ಇದು ಅನ್ಯಾಯವಲ್ಲವೇ?

ಹಾಗೆಂದು ಅಂದವನ್ನು ತುಚ್ಛವೆನ್ನಲಾಗದು. ಅದೇ ಐಮ್ಯಾಕಿನ ನೆತ್ತಿಯ ಮೇಲೊಂದು ಹಿಡಿಕೆಯಿತ್ತು. ಯಂತ್ರವೆಂದರೆ ಹಿಂಜರಿಯುವವನಿಗೆ ಅದು 'ಮುಟ್ಟು, ಅಂಜಬೇಡ' ಎನ್ನುವಂತಿತ್ತು. ಎತ್ತುವುದಕ್ಕೂ ಒದಗಿತು, ಚೆಲುವನ್ನೂ ಹೆಚ್ಚಿಸಿತು. ಕಣ್ಣಿಗೆ ಕೊಟ್ಟ ಸುಖದ ಬೆಲೆಯನ್ನು ಕೈಯಿಂದ ವಸೂಲು ಮಾಡದ ಚೆಲುವೇ ನಿಜವಾದ ಚೆಲುವು.