ದುರ್ಬಲರ ದೇಹ ಯಾರ ಸ್ವತ್ತು?



ನಿಮ್ಮ ತಾಯಿ ವಾರಕ್ಕೆ ಮೂರು ಬಾರಿ ಡಯಾಲಿಸಿಸ್‌ಗೆ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಒಂದು ದಿನ ವೈದ್ಯರು ನಿಮ್ಮನ್ನು ಪಕ್ಕಕ್ಕೆ ಕರೆದು, "ಡಯಾಲಿಸಿಸ್ ರೋಗಿಗಳಿಗೆ ತಗಲುವ ಸೋಂಕಿಗೆ ಹೊಸ ಔಷಧವೊಂದರ ಸಂಶೋಧನೆ ನಡೆಯುತ್ತಿದೆ. ಅಮ್ಮನನ್ನು ಅದಕ್ಕೆ ಸೇರಿಸಿಕೊಳ್ಳಬಹುದೇ?" ಎಂದು ಕೇಳುತ್ತಾರೆ. ಹತ್ತಾರು ಪುಟಗಳ ಕಾಗದವನ್ನು ಕೈಗಿಡುತ್ತಾರೆ. ನೀವೇನು ಮಾಡುತ್ತೀರಿ? ನಮ್ಮ ಜನರಲ್ಲಿ ಹೆಚ್ಚಿನವರು ಎರಡರಲ್ಲೊಂದು ಮಾಡುತ್ತಾರೆ. "ಡಾಕ್ಟರು ಹೇಳಿದ ಮೇಲೆ ಇನ್ನೇನು" ಎಂದು ಓದದೆಯೇ ಸಹಿ ಹಾಕುತ್ತಾರೆ. ಇಲ್ಲವೇ "ನಮ್ಮಮ್ಮನೇನು ಪ್ರಯೋಗದ ಇಲಿಯೇ?" ಎಂದು ಕೋಪದಿಂದ ಎದ್ದುಬರುತ್ತಾರೆ. ಈ ಎರಡೂ ಉತ್ತರಗಳು ನನಗೆ ಸಮಾಧಾನ ತಂದಿಲ್ಲ.

ಮೂತ್ರಪಿಂಡದ ರೋಗಿ ಏಕೆ ಇಷ್ಟು ದುರ್ಬಲ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಮೂತ್ರಪಿಂಡಗಳು ಕೆಟ್ಟಾಗ ದೇಹದ ಕಲ್ಮಶ ರಕ್ತದಲ್ಲಿಯೇ ಉಳಿಯುತ್ತದೆ. ರೋಗನಿರೋಧಕ ಶಕ್ತಿ ಕುಂದುತ್ತದೆ. ಅಷ್ಟೇ ಅಲ್ಲ, ಡಯಾಲಿಸಿಸ್ ಎಂದರೆ ವಾರ ವಾರವೂ ರಕ್ತನಾಳಕ್ಕೆ ಸೂಜಿ ಅಥವಾ ಕೊಳವೆ ಹಾಕುವುದು. ರಕ್ತ ಹೊರಹೋಗಿ ಮರಳುವ ಅದೇ ದಾರಿಯಲ್ಲಿ ರೋಗಾಣುವೂ ಒಳಬರಬಹುದು. ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಾದರೋ, ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆಗಳನ್ನು ದಿನವೂ ನುಂಗಬೇಕು. ಡಯಾಲಿಸಿಸ್ ರೋಗಿಗಳ ಸಾವಿನ ಕಾರಣಗಳಲ್ಲಿ ಹೃದಯದ ಕಾಯಿಲೆ ಮೊದಲನೆಯದಾದರೆ, ಅದರ ಹಿಂದೆಯೇ ಬರುವುದು ಸೋಂಕು.

ಡಯಾಲಿಸಿಸ್ ಹುಟ್ಟಿದ್ದೇ ಪ್ರಯೋಗದಿಂದ. ಹಾಲೆಂಡಿನ ವಿಲೆಮ್ ಕೋಲ್ಫ್ ಎಂಬ ತರುಣ ವೈದ್ಯರು, 1938ರಲ್ಲಿ ಗ್ರೊನಿಂಗನ್ ನಗರದ ಆಸ್ಪತ್ರೆಯಲ್ಲಿದ್ದಾಗ, 22 ವರ್ಷದ ರೈತ ಯುವಕನೊಬ್ಬ ಮೂತ್ರಪಿಂಡಗಳು ನಿಂತುಹೋಗಿ ಸಾಯುವುದನ್ನು ಕಂಡರು. ಅವನ ತಾಯಿಗೆ ಆ ಸುದ್ದಿಯನ್ನು ಹೇಳಬೇಕಾದವರೂ ಅವರೇ. ದಿನಕ್ಕೆ ಇಷ್ಟು ಗ್ರಾಂ ಯೂರಿಯಾವನ್ನು ರಕ್ತದಿಂದ ತೆಗೆಯಲು ಸಾಧ್ಯವಾಗಿದ್ದರೆ ಈ ಹುಡುಗ ಉಳಿಯುತ್ತಿದ್ದನಲ್ಲವೇ ಎಂಬ ಲೆಕ್ಕ ಅವರ ತಲೆಯನ್ನು ಬಿಡಲಿಲ್ಲ. ಜರ್ಮನರು ದೇಶವನ್ನು ಆಕ್ರಮಿಸಿದ ಮೇಲೆ ಅವರು ಕಾಂಪನ್ ಎಂಬ ಸಣ್ಣ ಊರಿಗೆ ಹೋದರು. ಅಲ್ಲಿ, ಮಾಂಸದ ಸಾಸೇಜಿಗೆ ಸುತ್ತುವ ಸೆಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗುವ ಯಂತ್ರವೊಂದನ್ನು ಕಟ್ಟಿದರು. 1943ರಲ್ಲಿ ಅದನ್ನು ಮೊದಲ ಬಾರಿಗೆ ರೋಗಿಗೆ ಜೋಡಿಸಿದರು. ಮುಂದಿನ ಎರಡು ವರ್ಷಗಳಲ್ಲಿ ಆ ಯಂತ್ರಕ್ಕೆ ಜೋಡಿಸಲ್ಪಟ್ಟವರಲ್ಲಿ ಬಹುತೇಕ ಎಲ್ಲರೂ ಸತ್ತರು.

1945ರ ಸೆಪ್ಟೆಂಬರಿನಲ್ಲಿ 67 ವರ್ಷದ ಹೆಂಗಸೊಬ್ಬಳನ್ನು ಅವರ ಬಳಿಗೆ ತಂದರು. ಪಿತ್ತಕೋಶದ ಸೋಂಕು ತೀವ್ರವಾಗಿ, ಮೂತ್ರಪಿಂಡಗಳು ನಿಂತು, ಆಕೆ ಪ್ರಜ್ಞೆ ಕಳೆದುಕೊಂಡಿದ್ದಳು. ಆಕೆ ಸೆರೆಯಾಳು. ಆಕ್ರಮಿಸಿದ ನಾಜಿಗಳ ಪಕ್ಷ ವಹಿಸಿದಳೆಂದು ಯುದ್ಧ ಮುಗಿದ ಮೇಲೆ ಬಂಧಿಸಿಟ್ಟಿದ್ದರು. ಕೋಲ್ಫ್ ಆದರೋ ನಾಜಿಗಳ ಕೈಯಿಂದ ಅನೇಕರನ್ನು ಆಸ್ಪತ್ರೆಯಲ್ಲಿ ಬಚ್ಚಿಟ್ಟು ಉಳಿಸಿದವರು. ಅವರು ಆಕೆಯನ್ನು ಯಂತ್ರಕ್ಕೆ ಜೋಡಿಸಿದರು. ಸುಮಾರು ಹನ್ನೊಂದು ಗಂಟೆಗಳ ನಂತರ ಆಕೆ ಕಣ್ಣು ತೆರೆದಳು. ಗಂಡನಿಗೆ ವಿಚ್ಛೇದನ ಕೊಡುತ್ತೇನೆ ಎಂಬುದೇ ಆಕೆಯ ಮೊದಲ ಮಾತಾಗಿತ್ತಂತೆ! (ಕುಟುಂಬದ ಪುಟದಲ್ಲಿ ಇದನ್ನು ಬರೆಯಬಾರದಿತ್ತೇನೋ, ಆದರೆ ಬದುಕಿಬಂದವರು ನಮ್ಮ ಇಷ್ಟದಂತೆ ಮಾತನಾಡುವುದಿಲ್ಲ.) ಆಕೆ ಮುಂದೆ ಹಲವು ವರ್ಷ ಬದುಕಿದಳು. ಕೃತಕ ಮೂತ್ರಪಿಂಡ ಉಳಿಸಿದ ಮೊದಲ ಜೀವ ಅದು.

ಇಲ್ಲಿ ಒಂದು ಕಠಿಣ ಪ್ರಶ್ನೆಯಿದೆ. ಅಷ್ಟು ಮಂದಿ ಸತ್ತರಲ್ಲ, ಕೋಲ್ಫ್ ಮಾಡಿದ್ದು ಸರಿಯೇ? ಸರಿ ಎಂದೇ ನಾನು ಹೇಳುತ್ತೇನೆ. ಆ ರೋಗಿಗಳಿಗೆ ಬೇರೆ ದಾರಿಯಿರಲಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದುದು, ಯಂತ್ರವನ್ನು ಜೋಡಿಸಿದ್ದು ಆಯಾ ರೋಗಿಯನ್ನೇ ಉಳಿಸಲು. ಮಲಗಿದ್ದವನ ಸಾವಿನಿಂದ ಮುಂದಿನವನಿಗೆ ಪ್ರಯೋಜನವಾಯಿತು ನಿಜ. ಆದರೆ ಮುಂದಿನವನಿಗಾಗಿ ಅವನನ್ನು ಮಲಗಿಸಲಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಘಟನೆಯನ್ನು ಇಡುತ್ತೇನೆ. ನ್ಯೂಯಾರ್ಕಿನ ವಿಲ್ಲೋಬ್ರೂಕ್ ಎಂಬಲ್ಲಿ ಬುದ್ಧಿಮಾಂದ್ಯ ಮಕ್ಕಳ ಸರಕಾರಿ ಸಂಸ್ಥೆಯೊಂದಿತ್ತು. ಕಿಕ್ಕಿರಿದ, ಕೊಳಕಾದ ಆ ವಾರ್ಡುಗಳಲ್ಲಿ ಹೆಪಟೈಟಿಸ್ ಎಂಬ ಕಾಮಾಲೆ ಹಬ್ಬಿತ್ತು. 1956ರಿಂದ ಡಾ. ಸಾಲ್ ಕ್ರುಗ್ಮನ್ ಮತ್ತು ಸಂಗಡಿಗರು ಅಲ್ಲಿಗೆ ಹೊಸದಾಗಿ ಸೇರುವ ಕೆಲವು ಮಕ್ಕಳಿಗೆ ಉದ್ದೇಶಪೂರ್ವಕವಾಗಿಯೇ ಆ ರೋಗಾಣುವನ್ನು ಕೊಟ್ಟರು. ಹೇಗಿದ್ದರೂ ಈ ಮಕ್ಕಳಿಗೆ ರೋಗ ತಗಲಿಯೇ ತೀರುತ್ತದೆ, ನಮ್ಮ ವಿಶೇಷ ಘಟಕದಲ್ಲಿ ಒಳ್ಳೆಯ ಆರೈಕೆಯ ನಡುವೆ ತಗಲುವುದು ಮೇಲು ಎಂಬುದು ಅವರ ವಾದ. ತಂದೆತಾಯಿಗಳ ಒಪ್ಪಿಗೆ ಪಡೆದಿದ್ದೇವೆ ಎಂದೂ ಹೇಳಿದರು. ಆದರೆ ಮುಂದೆ ಸ್ಥಳವಿಲ್ಲವೆಂದು ಸಂಸ್ಥೆಯ ಸಾಮಾನ್ಯ ಬಾಗಿಲು ಮುಚ್ಚಿದಾಗ ತೆರೆದಿದ್ದುದು ಪ್ರಯೋಗ ಘಟಕದ ಬಾಗಿಲು ಮಾತ್ರ. ಅಂಗವಿಕಲ ಮಗುವನ್ನು ನೋಡಿಕೊಳ್ಳಲಾರದೆ ದಣಿದ ತಾಯಿ ಆ ಬಾಗಿಲಲ್ಲಿ ನಿಂತು ಹಾಕಿದ ಸಹಿಯನ್ನು ಒಪ್ಪಿಗೆ ಎನ್ನೋಣವೇ? 1966ರಲ್ಲಿ ಡಾ. ಹೆನ್ರಿ ಬೀಚರ್ ಎಂಬವರು ನೀತಿಗೆಟ್ಟ 22 ಸಂಶೋಧನೆಗಳ ಪಟ್ಟಿಯನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಾಗ ಅದರಲ್ಲಿ ಇದೂ ಇತ್ತು. ವಾರ್ಡುಗಳನ್ನು ಚೊಕ್ಕಟ ಮಾಡುವ ಬದಲು ಅವುಗಳ ಕೊಳಕನ್ನೇ ನೆಪ ಮಾಡಿಕೊಂಡಿದ್ದು ನನ್ನನ್ನು ಹೆಚ್ಚು ನೋಯಿಸುತ್ತದೆ.

ಒಬ್ಬ ಸತ್ತರೆ ಜನಾಂಗವೇ ಉಳಿಯುವುದು ಲೇಸಲ್ಲವೇ ಎಂಬ ಲೆಕ್ಕ ಹೊಸದೇನೂ ಅಲ್ಲ. ಸಂತ ಯೊವಾನ್ನರ ಶುಭಸಂದೇಶದಲ್ಲಿ ಪ್ರಧಾನ ಯಾಜಕ ಕಾಯಫನು ಪ್ರಭು ಯೇಸುವಿನ ಬಗ್ಗೆ ಹಾಕಿದ ಲೆಕ್ಕವೂ ಅದೇ. ವಿಶ್ವಗುರು ಹನ್ನೆರಡನೇ ಪಯಸ್‌ರವರು 1952ರ ಸೆಪ್ಟೆಂಬರಿನಲ್ಲಿ ವೈದ್ಯರನ್ನು ಉದ್ದೇಶಿಸಿ ಮಾತನಾಡುತ್ತಾ ಇದರ ಬೇರಿಗೇ ಕೊಡಲಿ ಹಾಕಿದರು. ದೇಹವನ್ನು ಉಳಿಸಲು ಕೊಳೆತ ಬೆರಳನ್ನು ಕತ್ತರಿಸಬಹುದು, ಏಕೆಂದರೆ ಬೆರಳು ಇರುವುದು ದೇಹಕ್ಕಾಗಿ. ಆದರೆ ಮನುಷ್ಯನು ಸಮಾಜಕ್ಕೆ ಆ ರೀತಿಯ ಬೆರಳಲ್ಲ. ಸಮಾಜವೇ ಮನುಷ್ಯನಿಗಾಗಿ ಇದೆ. ಅವರ ವಾದದ ಸಾರ ಇದು. ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನುಷ್ಯನ ಘನತೆಗೆ ವಿರುದ್ಧವಾದ ಪ್ರಯೋಗವು ಅವನು ಸ್ವತಃ ಒಪ್ಪಿದರೂ ನ್ಯಾಯವಾಗುವುದಿಲ್ಲ ಎನ್ನುತ್ತದೆ.

ವಿಷಯ ಇಲ್ಲಿಗೇ ಮುಗಿದಿದ್ದರೆ ಸುಲಭವಿತ್ತು. ಆದರೆ ಇಂದು ಡಯಾಲಿಸಿಸ್‌ಗೆ ಹೋಗುವ ನಿಮ್ಮ ತಾಯಿಗೆ ಹೆಪಟೈಟಿಸ್-ಬಿ ಲಸಿಕೆಯನ್ನು ಕೊಡುತ್ತಾರೆ. ಅವರ ದೇಹ ದುರ್ಬಲವಾದ್ದರಿಂದ ಇತರರಿಗಿಂತ ಹೆಚ್ಚು ಪ್ರಮಾಣದಲ್ಲಿಯೇ ಕೊಡುತ್ತಾರೆ. ಈ ರೋಗ ರಕ್ತದ ಮೂಲಕ ಡಯಾಲಿಸಿಸ್ ಘಟಕಗಳಲ್ಲಿ ಹಬ್ಬುತ್ತಿದ್ದ ಕಾಲವೊಂದಿತ್ತು. 1969-70ರಲ್ಲಿ ಎಡಿನ್‌ಬರೋದ ಆಸ್ಪತ್ರೆಯೊಂದರಲ್ಲಿ ರೋಗಿಗಳು ಮಾತ್ರವಲ್ಲ, ಅವರ ಸೇವೆ ಮಾಡುತ್ತಿದ್ದ ಸಿಬ್ಬಂದಿಯೂ ಸತ್ತರು. ಕುದಿಸಿದ ಸೀರಂ ಈ ರೋಗದಿಂದ ರಕ್ಷಣೆ ಕೊಡಬಲ್ಲದು ಎಂದು 1971ರಲ್ಲಿ ತೋರಿಸಿಕೊಟ್ಟವರು ಇದೇ ಕ್ರುಗ್ಮನ್, ಅದೂ ವಿಲ್ಲೋಬ್ರೂಕಿನ ಮಕ್ಕಳಲ್ಲಿ. ಹತ್ತು ವರ್ಷಗಳ ಬಳಿಕ ಅಮೆರಿಕದಲ್ಲಿ ಮೊದಲ ಲಸಿಕೆಗೆ ಅನುಮತಿ ಸಿಕ್ಕಿತು. ಹಾಗಾದರೆ ನಿಮ್ಮ ತಾಯಿ ಆ ಲಸಿಕೆಯನ್ನು ತೆಗೆದುಕೊಳ್ಳಬಾರದೇ? ಖಂಡಿತ ತೆಗೆದುಕೊಳ್ಳಲಿ. ಬೇಡವೆಂದರೆ ಆ ಮಕ್ಕಳಿಗೇನೂ ನ್ಯಾಯ ದೊರಕುವುದಿಲ್ಲ. ಆದರೆ ಪ್ರಯೋಜನ ದೊರಕಿತೆಂಬ ಕಾರಣಕ್ಕೆ ಆದದ್ದು ಒಳ್ಳೆಯದೇ ಆಯಿತು ಎನ್ನುವುದು ಬೇರೆ ಮಾತು. ಅದನ್ನು ನಾವು ಹೇಳಕೂಡದು.

ವಿಲ್ಲೋಬ್ರೂಕಿನಂಥ ಘಟನೆಗಳಿಂದ ನಾಚಿದ ಲೋಕ ಇನ್ನೊಂದು ಅತಿರೇಕಕ್ಕೂ ಹೋಯಿತು. ದುರ್ಬಲರನ್ನು ಮುಟ್ಟದಿರುವುದೇ ಕರುಣೆ ಎಂದುಕೊಂಡಿತು. ಇದರ ಫಲವನ್ನು ಕೋವಿಡ್ ಕಾಲದಲ್ಲಿ ಕಂಡೆವು. ಡಯಾಲಿಸಿಸ್ ಮತ್ತು ಕಸಿ ಮಾಡಿಸಿಕೊಂಡ ರೋಗಿಗಳು ಆ ಸೋಂಕಿನಿಂದ ಸಾಯುವ ಅಪಾಯ ಇತರರಿಗಿಂತ ಬಹಳ ಹೆಚ್ಚಾಗಿತ್ತು. ಆದರೂ ಔಷಧ ಮತ್ತು ಲಸಿಕೆಗಳ ಅನೇಕ ಪ್ರಯೋಗಗಳಿಂದ ಅವರನ್ನು ಹೊರಗಿಟ್ಟರು. ರೆಮ್ಡೆಸಿವಿರ್ ಔಷಧವನ್ನೇ ನೋಡಿ. ಅದನ್ನು ಕರಗಿಸಲು ಬೆರೆಸುವ ವಸ್ತು ಮೂತ್ರಪಿಂಡಗಳ ಮೂಲಕವೇ ಹೊರಹೋಗಬೇಕು. ಈ ಅಂಜಿಕೆಯಿಂದ ತೀವ್ರ ಮೂತ್ರಪಿಂಡ ರೋಗಿಗಳಿಗೆ ಅದು ಸಲ್ಲದೆಂದರು. ಅಂಥವರಿಗೂ, ಡಯಾಲಿಸಿಸ್‌ನಲ್ಲಿರುವವರಿಗೂ ಕೊಡಬಹುದೆಂದು ಅಮೆರಿಕದ ಔಷಧ ನಿಯಂತ್ರಕರು ಒಪ್ಪಿದ್ದು 2023ರ ಜುಲೈಯಲ್ಲಿ. ಅಷ್ಟರಲ್ಲಿ ದೊಡ್ಡ ಅಲೆಗಳೆಲ್ಲ ಮುಗಿದಿದ್ದವು. ಪ್ರಯೋಗದಲ್ಲಿ ಸೇರಿಸದ ರೋಗಿಯನ್ನು ವೈದ್ಯರು ಅಂದಾಜಿನ ಮೇಲೆಯೇ ನೋಡಿಕೊಳ್ಳಬೇಕಾಗುತ್ತದೆ. ಅದೂ ಒಂದು ಪ್ರಯೋಗವೇ. ಬರೆದಿಡುವವರಿಲ್ಲ, ಕಾವಲು ಕಾಯುವವರಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರ ತನ್ನ ಮಾರ್ಗಸೂಚಿಯಲ್ಲಿ, ದುರ್ಬಲರಿಗೂ ಸಂಶೋಧನೆಯಲ್ಲಿ ಪಾಲ್ಗೊಳ್ಳುವ ಸಮಾನ ಹಕ್ಕಿದೆ ಎಂದಿರುವುದು ಸರಿಯಾಗಿಯೇ ಇದೆ.

ಹಾಗಾದರೆ ಗೆರೆ ಎಲ್ಲಿ? ಹಾನ್ಸ್ ಯೋನಾಸ್ ಎಂಬ ಯೆಹೂದ್ಯ ತತ್ವಜ್ಞಾನಿ 1969ರಲ್ಲಿ ಒಂದು ನಿಯಮ ಹೇಳಿದರು. ರೋಗಿಯ ಮೇಲೆ ಪ್ರಯೋಗ ಮಾಡುವುದಾದರೆ ಅದು ಅವನದೇ ರೋಗದ ಬಗ್ಗೆ ಇರಬೇಕು. ಮತ್ತು ವಿಷಯವನ್ನು ಚೆನ್ನಾಗಿ ಅರಿತು ಒಪ್ಪಬಲ್ಲವರು ಮೊದಲು ಮುಂದೆ ಬರಬೇಕು, ಅಸಹಾಯಕರು ಕಟ್ಟಕಡೆಗೆ. ಮಕ್ಕಳ ವಿಷಯದಲ್ಲಿ ಪ್ರಾಟೆಸ್ಟಂಟ್ ಪಂಡಿತ ಪಾಲ್ ರ್ಯಾಮ್ಸೆ ಮತ್ತು ಯೇಸುಸಭೆಯ ಫಾದರ್ ರಿಚರ್ಡ್ ಮೆಕಾರ್ಮಿಕ್ ಅವರ ನಡುವೆ 1970ರ ದಶಕದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ತಾನೇ ಒಪ್ಪಲಾರದ ಮಗುವನ್ನು ಅದಕ್ಕೆ ಪ್ರಯೋಜನವಿಲ್ಲದ ಪ್ರಯೋಗಕ್ಕೆ ಒಡ್ಡಲೇಬಾರದು ಎಂದರು ರ್ಯಾಮ್ಸೆ. ಅಪಾಯ ಇಲ್ಲವೆನ್ನುವಷ್ಟು ಕಡಿಮೆಯಿದ್ದರೆ, ಇತರರ ಒಳಿತಿನಲ್ಲಿ ಪಾಲುಗೊಳ್ಳುವುದು ಮಗುವಿಗೂ ಸಲ್ಲುತ್ತದೆ ಎಂದರು ಮೆಕಾರ್ಮಿಕ್. ನನ್ನ ಮನಸ್ಸು ಮಕ್ಕಳ ವಿಷಯದಲ್ಲಿ ರ್ಯಾಮ್ಸೆಯವರ ಕಡೆಗೇ ವಾಲುತ್ತದೆ. ಆದರೆ ಬುದ್ಧಿ ಸ್ಥಿಮಿತದಲ್ಲಿರುವ ದೊಡ್ಡವರ ವಿಷಯ ಬೇರೆ. ಡಯಾಲಿಸಿಸ್ ಕುರ್ಚಿಯಲ್ಲಿ ಕುಳಿತ ತಾಯಿ "ನನಗಾಗದಿದ್ದರೂ ಮುಂದೆ ಬರುವವರಿಗಾಗಲಿ" ಎಂದರೆ ಅದು ಅವರು ಕೊಡುವ ದಾನ. ರೋಗಿಯೆಂದ ಮಾತ್ರಕ್ಕೆ ಕೊಡುವ ಹಕ್ಕನ್ನೂ ಅವರಿಂದ ಕಿತ್ತುಕೊಳ್ಳಬೇಕೇ? ಆದರೆ ಆ ದಾನವನ್ನು ಅವರೇ ಕೊಡಬೇಕು. ಅವರ ಪರವಾಗಿ ಮಗನಾಗಲಿ, ವೈದ್ಯರಾಗಲಿ, ಪಾದ್ರಿಯಾಗಲಿ ಉದಾರಿಯಾಗುವಂತಿಲ್ಲ.

ಆದುದರಿಂದ ಆ ಕಾಗದ ನಿಮ್ಮ ಕೈಗೆ ಬಂದರೆ ಮೊದಲು ಅದನ್ನು ತಾಯಿಗೆ ತಿಳಿಯುವ ಭಾಷೆಯಲ್ಲಿ ಹೇಳಿಸಿ. ಇದು ಅಮ್ಮನದೇ ಕಾಯಿಲೆಯ ಬಗ್ಗೆಯೇ? ಈಗ ನಡೆಯುತ್ತಿರುವ ಚಿಕಿತ್ಸೆ ನಿಲ್ಲುತ್ತದೆಯೇ? ಬೇಡವೆಂದರೆ ಡಯಾಲಿಸಿಸ್‌ಗೆ ಏನಾದರೂ ತೊಡಕಾಗುತ್ತದೆಯೇ? ಆಗಕೂಡದು; ನಡುವೆ ಬಿಟ್ಟುಬರುವ ಹಕ್ಕೂ ಅವರಿಗಿದೆ. ಔಷಧ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು 2019ರ ನಿಯಮಗಳು ಹೇಳುತ್ತವೆ. ಪೂರ್ಣ ಹೊಸ ಔಷಧವಾಗಿದ್ದು, ರೋಗಿ ದುರ್ಬಲ ವರ್ಗದವರಾಗಿದ್ದರೆ ಒಪ್ಪಿಗೆ ಪಡೆಯುವುದನ್ನು ವಿಡಿಯೋದಲ್ಲಿ ದಾಖಲಿಸಬೇಕೆಂದೂ ಇದೆ. ಇದನ್ನೆಲ್ಲ ಕೇಳಿದರೆ ಡಾಕ್ಟರು ಬೇಸರಿಸಿಕೊಂಡಾರೆಂದು ಹಿಂಜರಿಯಬೇಡಿ. ಒಳ್ಳೆಯ ಸಂಶೋಧಕರು ಇಂಥ ಪ್ರಶ್ನೆಗಳಿಗೆ ಸಿದ್ಧರಾಗಿಯೇ ಇರುತ್ತಾರೆ. ಇನ್ನೊಂದು ಸಣ್ಣ ಸಂಗತಿ. ನಾಲ್ಕು ಗಂಟೆ ಯಂತ್ರಕ್ಕೆ ಕಟ್ಟಿಕೊಂಡು, ರಕ್ತದೊತ್ತಡ ಇಳಿದು, ಮನೆಗೆ ಹೋದರೆ ಸಾಕೆನ್ನುವ ಹೊತ್ತಿನಲ್ಲಿ ಆ ಕಾಗದವನ್ನು ಅವರ ಮುಂದೆ ಹಿಡಿಯಲು ಬಿಡಬೇಡಿ. ಡಯಾಲಿಸಿಸ್ ಇಲ್ಲದ ದಿನ, ಊಟವಾಗಿ ಒಂದು ನಿದ್ದೆ ಮುಗಿಸಿ ಕುಳಿತಿರುವಾಗ ಓದಿಹೇಳಿ.