ಸಾಕು ಎಂಬ ಅಳತೆ

ಸುಖ ಬೇರೆ, ನೆಮ್ಮದಿ ಬೇರೆ. ಸುಖಕ್ಕೆ ಏನಾದರೊಂದು ಸಿಗಬೇಕು. ನೆಮ್ಮದಿಗೆ ಸಿಕ್ಕಿದ್ದು ಸಾಕೆನಿಸಬೇಕು. ಈ ‘ಸಾಕು’ ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಬಾಗಲಕೋಟೆ ಸೀಮೆಯ ಎರಡು ಧರ್ಮ ಪರಂಪರೆಗಳಲ್ಲಿ ಎರಡು ಬಗೆಯ ಉತ್ತರ ಸಿಗುತ್ತದೆ.

ಮೊದಲನೆಯದು ಜೈನರದು. ಬಾದಾಮಿಯ ನಾಲ್ಕನೆಯ ಗುಹೆಯ ಕೆಂಪು ಮರಳುಗಲ್ಲಿನಲ್ಲಿ ಬಾಹುಬಲಿ ತೋಳು ಇಳಿಬಿಟ್ಟು ಕಾಯೋತ್ಸರ್ಗದಲ್ಲಿ ನಿಂತಿದ್ದಾನೆ. ಬಳ್ಳಿ ಮೈಗೆ ಹಬ್ಬಿದರೂ ಕೊಡವಿಲ್ಲ. ಗೆದ್ದ ರಾಜ್ಯವನ್ನೇ ಬಿಟ್ಟವನಿಗೆ ಬಳ್ಳಿ ತೊಡಕಲ್ಲ. ಇಲ್ಲಿ ನೆಮ್ಮದಿಯ ದಾರಿ ಅಪರಿಗ್ರಹ, ಅಂದರೆ ತನ್ನದೆಂದು ಕೂಡಿಡದಿರುವುದು.

ಎರಡನೆಯದು ಶರಣರದು. ಕೃಷ್ಣೆ, ಮಲಪ್ರಭೆ ಕೂಡುವ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣ 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕಟ್ಟಿದ ಬಳಗ ಸಂಸಾರ ಬಿಡಲು ಹೇಳಲಿಲ್ಲ. ಸಂಸಾರದೊಳಗೇ ಅಳತೆ ಕಂಡುಕೊಳ್ಳಲು ಹೇಳಿತು. ಆ ಬಳಗದ ಆಯ್ದಕ್ಕಿ ಮಾರಯ್ಯನದು ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹೇಳಿದಳೆಂಬ ಕಥೆ ಪ್ರಸಿದ್ಧ. ದುಡಿದು ತಂದದ್ದನ್ನು ಹಂಚಿ ಉಂಡಾಗ ಅದು ಪ್ರಸಾದ. ಅದೇ ಜೋಳದ ರೊಟ್ಟಿ, ಅದೇ ಪುಂಡಿಪಲ್ಯೆ. ಪ್ರಸಾದವೆಂದು ಉಂಡವನ ನಾಲಿಗೆ ಮತ್ತೊಂದನ್ನು ಹುಡುಕುವುದಿಲ್ಲ.

ಈ ಅಳತೆ ತಿಳಿಯಲು ಮೌನ ಬೇಕು. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ನೋಟ ನಿಲ್ಲಿಸುವುದು ಅಂಥ ಸಾಧನೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿ ಬಳಿ ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ಇದೇ ಶಿಕ್ಷಣ. ಆದರೆ ಏಕಾಗ್ರತೆಗೆ ಮಠವೇ ಬೇಕಿಲ್ಲ. ಇಳಕಲ್ಲಿನ ಕುಣಿಮಗ್ಗದಲ್ಲಿ ಸೀರೆಯ ಒಡಲಿನ ಹಾಸೆಳೆಗೂ ಸೆರಗಿನ ರೇಷ್ಮೆ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಬೇಕು. ಅವಸರ ಮಾಡಿದರೆ ಎಳೆ ಹರಿಯುತ್ತದೆ. ಕಾಯಕದಲ್ಲೇ ಮನಸ್ಸು ನೆಲೆಸುವುದೆಂದರೆ ಇದು.

ಎಲ್ಲ ಸಣ್ಣ ಸುಖವೂ ನೆಮ್ಮದಿಯಲ್ಲ. ಒಂದು ಚಿಟಿಕೆ ತಂಬಾಕೂ ಸಣ್ಣ ಸುಖವೇ. ಚಟಕ್ಕೆ ‘ಸಾಕು’ ತಿಳಿಯದು. ಇಳಕಲ್ಲಿನ ಮಹಾಂತ ಸ್ವಾಮೀಜಿ 1975ರಲ್ಲಿ ಹಿಡಿದ ‘ಮಹಾಂತ ಜೋಳಿಗೆ’ ಬೇಡಿದ್ದು ಹಣವನ್ನಲ್ಲ, ಜನರ ದುಶ್ಚಟಗಳನ್ನು.

ಇದ್ದುದರಲ್ಲಿ ತೃಪ್ತಿಪಡು ಎಂಬುದು ಬಡವನ ಬಾಯಿ ಮುಚ್ಚಿಸುವ ಮಾತಾಗದೆ? ಉಳ್ಳವನು ಇಲ್ಲದವನಿಗೆ ಹೇಳಿದರೆ ಖಂಡಿತ ಆಗುತ್ತದೆ. ನೇಕಾರನ ಕೂಲಿ ಕಡಿಮೆಯಿದ್ದರೆ ಅದು ಅನ್ಯಾಯವೇ, ಧ್ಯಾನದ ವಿಷಯವಲ್ಲ. ಲಕ್ಕಮ್ಮ ಅಳತೆ ಹಾಕಿದ್ದು ತನ್ನ ಮಡಕೆಗೆ, ನೆರೆಮನೆಯದಕ್ಕಲ್ಲ. ಅದಕ್ಕಾಗಿಯೇ ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಇಟ್ಟರು: ‘ಸಾಕು’ ತನಗೆ ಹೇಳಿಕೊಳ್ಳುವ ಮಾತು, ‘ಬೇಕೇ?’ ಇನ್ನೊಬ್ಬರಿಗೆ ಕೇಳುವ ಮಾತು.